ಗೋಡೆಯ ಮೇಲೆ ಎರಡು ದೀಪ

ಹಸೆ ಬರೆಯುವವಳಿಗೆ ಹೈಸ್ಕೂಲಿನಲ್ಲಿ ಎಂತ ಕೆಲಸ ಎಂದು ನನ್ನ ಚಿಕ್ಕ ಮಗಳು ಮೊದಲ ದಿನವೇ ಕೇಳಿದ್ದಳು.

ಶರಾವತಿಯ ಹಿನ್ನೀರು ಬಂದು ನಮ್ಮ ನಂಟರ ಮನೆಗಳೆಲ್ಲ ದಿಕ್ಕಿಗೊಂದಾದ ಮೇಲಿನ ಮಾತು ಇದು. ಆಗಲೇ ಹಿರಿಮಗಳಿಗೆ ಕೂಸು ಹುಟ್ಟಿ ನಾನು ಅಜ್ಜಿಯಾಗಿದ್ದೆ. ಚಿಕ್ಕವಳು ಸಾಗರ ಪೇಟೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ನಾನು ಮೂರನೇ ಈಯತ್ತೆಗೆ ಸ್ಲೇಟು ಕೆಳಗಿಟ್ಟವಳು. ಓದುತ್ತೇನೆ, ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಗೋಡೆಯ ಮೇಲೆ ಮಾತ್ರ ನನ್ನ ಕೈ ತಡೆಯುತ್ತಿರಲಿಲ್ಲ. ಕೆಳದಿಯ ಆಸುಪಾಸಿನಲ್ಲಿ ನಮ್ಮವರ ಮದುವೆಯಾದರೆ ಗಂಡು ಹೆಣ್ಣು ಕೂರುವ ಕಡೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯಬೇಕು. ಕೂದಲೆಳೆಯಂಥ ಗೆರೆ, ಒಂದರ ಪಕ್ಕ ಒಂದು. ಹೊಸನಗರದ ಕಡೆಯಿಂದಲೂ ಗಾಡಿ ಕಳಿಸಿ ನನ್ನನ್ನು ಕರೆಸುತ್ತಿದ್ದರು. ಇದರಿಂದ ನನಗೆ ಸ್ವಲ್ಪ ಬಿಂಕ ಬಂದಿತ್ತು. ಮುಂದೆ ಆದದ್ದಕ್ಕೆ ಆ ಬಿಂಕವೂ ಕಾರಣ.

ಮಳೆಗಾಲದಲ್ಲಿ ಹಸೆ ಬರೆಯುವುದಿಲ್ಲ. ಮದುವೆಯೂ ಇರುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಅಂಥ ಮಳೆಯಲ್ಲೇ ಮಗಳ ವಿಜ್ಞಾನದ ಮೇಷ್ಟ್ರು ನಮ್ಮ ಮನೆಗೆ ಬಂದರು. ತೀರ್ಥಹಳ್ಳಿ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ದಟ್ಟವಾಗಿರಲಿಲ್ಲ. ಕೊಡೆ ಮಡಚಿ ಜಗಲಿಯ ತುದಿಯಲ್ಲಿ ಕೂತು ಹೇಳಿದರು:

"ಕಾಗದದ ಮೇಲೆ ಬರೆಸಿದ ಚಿತ್ರಕ್ಕೆಲ್ಲ ಬೂಷ್ಟು ಬಂತು ಮಾರಾಯ್ರೆ. ಬೆಳಕಿನ ಪಾಠದ ಚಿತ್ರ ಗೋಡೆ ಮೇಲೆ ಬರ್ಕೊಡ್ತೀರಾ? ನಿಮ್ಮಷ್ಟು ನೆಟ್ಟಗೆ ಗೆರೆ ಎಳೆಯೋರು ಪೇಟೇಲಿ ಯಾರೂ ಇಲ್ಲ."

"ಬೆಳಕು ಬರೆಯೋದು ಹ್ಯಾಂಗೆ ಮೇಷ್ಟ್ರೆ? ಅದೆಂತ ಬಳ್ಳಿಯಾ, ತೆನೆಯಾ?"

"ಗೆರೆ ಅಷ್ಟೆ. ಬೆಳಕು ಅಂದ್ರೆ ನೆಟ್ಟಗಿನ ಗೆರೆ ಅಂತ ಇಟ್ಕಳಿ."

ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನ ಇತ್ತು. ಅದನ್ನು ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಹತ್ತನೇ ತರಗತಿಗೂ ವಿಜ್ಞಾನ ಅಲ್ಲೇ. ಇಲ್ಲದಿದ್ದರೆ ಬೇಕಾದವರು ಶಿವಮೊಗ್ಗಕ್ಕೆ ಹೋಗಿ ಓದಬೇಕು. ನನ್ನ ಮಗಳಿಗೆ ನರ್ಸ್ ಆಗಬೇಕೆಂಬ ಹಟ. ಅವಳ ಅಪ್ಪ ಸಾಗರದ ಬಸ್ಸು ಹತ್ತಿಸುವುದಕ್ಕೇ ಒಂದು ವರ್ಷ ಗೊಣಗಿದವರು. ಶಿವಮೊಗ್ಗ ಎಂಬ ಮಾತನ್ನು ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಅಂದರೆ ಆ ಇನ್‌ಸ್ಪೆಕ್ಟರು ಹ್ಞೂ ಅಂದರೆ ಅವಳ ಓದು, ಊಹ್ಞೂ ಅಂದರೆ ಅಲ್ಲಿಗೆ ಮುಗಿಯಿತು.

"ಗೋಡೆ ಮುಂದೆ ನಿಂತು ವಿವರಿಸೋಳು ನಿಮ್ಮ ಮಗಳೇ" ಎಂದರು ಮೇಷ್ಟ್ರು. ನಾನು ಒಪ್ಪಿಕೊಂಡೆ. ಬಾಗಿಲ ಹಿಂದೆ ನಿಂತಿದ್ದ ಮಗಳ ಮುಖ ಸಣ್ಣದಾಯಿತು.

ಮಾರನೆಯ ದಿನ ಬಸ್ಸು ಇಳಿಯುತ್ತಲೇ ಅವಳು ಮುಂದೆ, ನಾನು ಹಿಂದೆ. ಕೆಮ್ಮಣ್ಣಿನ ಬುಟ್ಟಿ ನನ್ನ ತಲೆಯ ಮೇಲೆ. "ಅವ್ವಾ, ಹಿಂದಿನ ಬಾಗಿಲಲ್ಲಿ ಬಾ" ಎಂದಳು. ಹಾಗೇ ಹೋದೆ. ನನ್ನ ಬರಿಗಾಲಿನ ಕೆಂಪು ಗುರುತು ಸಿಮೆಂಟು ನೆಲದ ಮೇಲೆ ಸಾಲಾಗಿ ಬಿದ್ದಿತ್ತು. ಗೆಳತಿಯರು ಬರುವ ಮೊದಲು ಅವಳು ಅದನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಳು. ನಾನು ನೋಡಿಯೂ ನೋಡದವಳ ಹಾಗೆ ಗೋಡೆಯ ಕಡೆ ತಿರುಗಿದೆ.

ಗೋಡೆ ಶುರುವಿನಲ್ಲೇ ಕೈಕೊಟ್ಟಿತು. ಅದು ಸುಣ್ಣದ ಗೋಡೆ. ನಮ್ಮ ಮನೆಗಳದು ಮಣ್ಣಿನ ಗೋಡೆ, ಮಣ್ಣಿಗೆ ಮಣ್ಣು ಕೂಡುತ್ತದೆ. ಇಲ್ಲಿ ಬಳಿದ ಕೆಮ್ಮಣ್ಣು ಬೆಳಗಾಗುವುದರೊಳಗೆ ಹಪ್ಪಳದ ಹಾಗೆ ಎದ್ದು ಕೆಳಗೆ ಉದುರಿತ್ತು. ತೆಂಗಿನ ಕರಟ ತೆಗೆದುಕೊಂಡು ಸುಣ್ಣವನ್ನು ಕೆರೆದೆ. ಮೈಯೆಲ್ಲ ಬಿಳಿ. ಅದರ ಮೇಲೆ ತೆಳುವಾಗಿ ಸಗಣಿ ಸಾರಿಸಿ, ಆರಿದ ಮೇಲೆ ಸೋಸಿದ ಕೆಮ್ಮಣ್ಣನ್ನು ಮೂರು ಕೈ ಬಳಿದೆ. ಆಗ ಹಿಡಿಯಿತು. ಶಾಲೆಯ ಜವಾನ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಹಸೆ ಗೋಡೆ ರೆಡಿ ಆಯ್ತು. ಗಂಡು ಯಾರಮ್ಮ?"

"ನೀನೇ. ಮೊದ್ಲು ಮಿಂದ್ಕಂಡು ಬಾ, ವಾಸನೆ ಹೊಡೀತಿದೆ."

ಅಂದಿನಿಂದ ಅವನು ಸ್ನೇಹಿತನಾದ. ತನ್ನ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದಿಟ್ಟು ಗೋಡೆಗೆ ಶಾಖ ಕೊಟ್ಟ. ಇಲ್ಲದಿದ್ದರೆ ಆ ಮಳೆಯಲ್ಲಿ ಗೋಡೆ ಒಣಗುವುದಕ್ಕೆ ದೀಪಾವಳಿ ಬರಬೇಕಿತ್ತು.

ಅಕ್ಕಿಯನ್ನು ಮನೆಯಲ್ಲೇ ನೆನೆಸಿ, ಒರಳಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ತಂದಿದ್ದೆ. ಪುಂಡಿಯ ನಾರಿನ ತುದಿ ಜಜ್ಜಿ ಮಾಡಿದ ಕುಂಚ. ಮೊದಲು ದಾರ ಹಿಡಿದು ಅಂಚು ಕಟ್ಟಿದೆ. ನಮ್ಮಲ್ಲಿ ಬಿಗಿಯಾಗಿ ಹಿಡಿದ ದಾರವೇ ಪ್ರಮಾಣ, ಅದರ ಮೇಲೆ ಮಾತಿಲ್ಲ. ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದರು, ನಾನು ಗೋಡೆಗೆ ಏರಿಸಬೇಕು.

ಹೊತ್ತು ಏರುವವರೆಗೆ ಬರೆದೆ. ಮೇಷ್ಟ್ರು ಬಂದು ನೋಡಿ ಗಾಬರಿಯಾದರು.

"ಎಂತ ಇದು? ಬೆಳಿಗ್ಗೆಯಿಂದ ಎಂತ ಮಾಡಿದ್ರಿ? ಗೋಡೇಲಿ ಏನೂ ಇಲ್ವಲ್ರಿ!"

"ಇದೆ. ಹಸಿ ಇದೆ. ಕಾಯಿರಿ."

ಅಕ್ಕಿಹಿಟ್ಟು ಹಸಿಯಿದ್ದಾಗ ಕೆಂಪಿನ ಮೇಲೆ ಕಾಣುವುದಿಲ್ಲ. ನೀರು ಎಳೆದ ಹಾಗೆ ಒಂದು ಹೊಳಪು, ಅಷ್ಟೆ. ಒಣಗುತ್ತ ಬಂದಂತೆ ಬಿಳಿ ಏಳುತ್ತದೆ. ಬರೆಯುವವಳು ಕೈಯ ಅಂದಾಜಿನಲ್ಲಿ ಬರೆಯಬೇಕು. ಇದು ನನಗೆ ಹುಟ್ಟಿನಿಂದ ಗೊತ್ತು. ಯಾಕೆ ಹಾಗೆ ಎಂದು ಮಾತ್ರ ಕೇಳಿಕೊಂಡವಳಲ್ಲ. ಕೆಂಡದ ಮುಂದೆ ಗೆರೆಗಳು ಒಂದೊಂದೇ ಎದ್ದವು. ಮೇಷ್ಟ್ರು ಮಕ್ಕಳನ್ನೆಲ್ಲ ಕೂಗಿ ಕರೆದು ಅಲ್ಲೇ ಪಾಠ ಮಾಡಿದರು. ಹಿಟ್ಟಿನ ಪುಡಿ ಪುಡಿಯ ನಡುವೆ ನೀರು ತುಂಬಿಕೊಂಡಿದ್ದರೆ ಬೆಳಕು ಹೆಚ್ಚು ಅಡ್ಡಿಯಿಲ್ಲದೆ ಒಳಗೆ ಹೋಗಿ ಹಿಂದಿನ ಕೆಂಪನ್ನೇ ಮುಟ್ಟಿ ಬರುತ್ತದೆ. ನೀರು ಆರಿ ಅಲ್ಲಿ ಗಾಳಿ ತುಂಬಿದರೆ ಬೆಳಕು ಪ್ರತಿ ಪುಡಿಗೂ ತಾಗಿ ದಿಕ್ಕುದಿಕ್ಕಿಗೆ ಚೆದುರುತ್ತದೆ, ಅದೇ ಬಿಳಿ. ಕಾಗದಕ್ಕೆ ಎಣ್ಣೆ ಹಚ್ಚಿದರೆ ಆಚೆಯದು ಕಾಣುವುದೂ ಇದರಿಂದಲೇ ಎಂದರು. ಮಗಳು ಮುಂದಿನ ಸಾಲಿನಲ್ಲಿ ನಿಂತು ಕೇಳಿದಳು. ನನ್ನ ಪಕ್ಕಕ್ಕೆ ಬರಲಿಲ್ಲ.

ಮೊದಲ ಚಿತ್ರ ಕನ್ನಡಿಯದು. ಬೆಳಕು ಓರೆಯಾಗಿ ಬಂದು ತಾಗುತ್ತದೆ, ಬಂದಷ್ಟೇ ಓರೆಯಲ್ಲಿ ಆಚೆ ಹೋಗುತ್ತದೆ. ಅದನ್ನು ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ, ಚಿತ್ತಾರದ ಅಂಚಿನಲ್ಲಿ ನಾವು ತಿರುಗಿಸುವ ಗೆರೆಯೂ ಹಾಗೇ. ಎರಡನೆಯದು ನೀರಿನ ಬೋಗುಣಿಯಲ್ಲಿ ಇಟ್ಟ ಕೋಲು. ಗಾಳಿಯಿಂದ ನೀರಿಗೆ, ನೀರಿನಿಂದ ಗಾಳಿಗೆ ಓರೆಯಾಗಿ ಹೋಗುವಾಗ ಬೆಳಕಿನ ದಾರಿ ಬಾಗುತ್ತದೆ, ಅದಕ್ಕೇ ಕೋಲು ಮುರಿದ ಹಾಗೆ ಕಾಣುತ್ತದೆ. ಗದ್ದೆ ನೀರಿನಲ್ಲಿ ಕೈ ಹಾಕಿದವಳಿಗೆ ಅದೂ ಕಂಡದ್ದೇ. ಬರೆದೆ.

ಮೂರನೆಯದು ದೀಪ. ಎಡಗಡೆ ಉರಿಯುವ ದೀಪ, ನಡುವೆ ಸೂಜಿತೂತಿನ ತಗಡು, ಬಲಗಡೆ ಪರದೆಯ ಮೇಲೆ ಅದೇ ದೀಪ ತಲೆಕೆಳಗಾಗಿ.

ನಾನು ನೆಲದ ಮೇಲಿನ ಚಿತ್ರವನ್ನು ಸುತ್ತಿ ಆಚೆ ಕಡೆಯಿಂದಲೂ ನೋಡಿದೆ. ಮೇಷ್ಟ್ರು ತಪ್ಪಿ ಬರೆದದ್ದಲ್ಲ, ಬೇಕೆಂದೇ ಬರೆದಿದ್ದರು. "ಹೀಂಗೇ ಬರಿಬೇಕು, ಗೊತ್ತಾಯ್ತಲ್ಲ?" ಎಂದರು. ನಾನು ತಲೆಯಾಡಿಸಿದೆ. ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು.

ದೀಪ ಆರಿಸು ಎಂದು ಕೂಡ ಬಾಯಲ್ಲಿ ಹೇಳದ ಜನ ನಾವು. ಹಸೆ ಗೋಡೆಯಲ್ಲಿ ಮಗುಚಿದ ದೀಪ ಬರೆದರೆ ಅದರ ಮುಂದೆ ಕೂತವರ ಬಾಳು ಮಗುಚುತ್ತದೆ ಎಂದು ನನಗೆ ಕೈ ಹಿಡಿದು ಕಲಿಸಿದ ನನ್ನ ಅತ್ತೆ ಹೇಳಿದ್ದರು. ಅದರ ಮುಂದೆ ನಿಲ್ಲುವವಳು ನನ್ನ ಮಗಳು. ಮೇಷ್ಟ್ರು ಓದಿದವರು, ಅವರಿಗೆ ಇದೆಲ್ಲ ಇಲ್ಲ, ಹೇಳಿದರೆ ನಗುತ್ತಾರೆ, ಹೇಳದೆ ಸರಿಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಹೀಗೆ ಲೆಕ್ಕ ಹಾಕಿದೆ. ಅವರು ಅಂದು ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಹೊರಟರು, ಪರಿಚಯದವರ ಹತ್ತಿರ ಒಂದು ದಪ್ಪ ಮಸೂರ ತರಬೇಕಿತ್ತು. ಹೊರಡುವಾಗ ಗೋಡೆಯನ್ನು ನೋಡಿದರು. ಮೂರನೆಯ ಚಿತ್ರದ ಗೆರೆ ಇನ್ನೂ ಹಸಿಯಿತ್ತು, ಏನೂ ಕಾಣಲಿಲ್ಲ.

ನಾನು ಎರಡೂ ದೀಪವನ್ನು ನೆಟ್ಟಗೆ ಬರೆದಿದ್ದೆ. ಆದರೆ ಮೇಷ್ಟ್ರ ಗೆರೆಗಳು ತೂತಿನಲ್ಲಿ ಕತ್ತರಿಯಾಗಿ ಹಾದು, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗಿದ್ದವು. ಹಾಗೆ ಬಿಟ್ಟರೆ ಕುಡಿಯ ಗೆರೆ ಹೋಗಿ ದೀಪದ ಬುಡಕ್ಕೆ ಮುಟ್ಟುತ್ತದೆ. ಅದಕ್ಕೆ ತೂತಿನ ಹತ್ತಿರ ಗೆರೆಯನ್ನು ಮುರಿದು ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ತಿರುಗಿಸಿದೆ. ಎಡಬಲ ಒಂದೇ ಸಮ. ನೋಡಲು ಬಹಳ ಚಂದ ಆಯಿತು. ನಾನೇ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಮೆಚ್ಚಿಕೊಂಡೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಾರನೆಯ ದಿನವೇ ಪ್ರದರ್ಶನ, ಬೆಳಿಗ್ಗೆ ನಾನೂ ಮಗಳೂ ಮೊದಲ ಬಸ್ಸಿಗೆ ಬಂದೆವು. ಕೋಣೆಯ ಕಿಟಕಿ ತೆಗೆದಳು, ಗೋಡೆ ನೋಡಿದಳು, ಹಾಗೇ ನಿಂತಳು.

"ಅವ್ವಾ... ಎಂತ ಮಾಡಿದ್ದೀಯೇ ಇದು?"

"ಯಾಕೆ? ಚಂದ ಇಲ್ವಾ?"

"ದೀಪ ತಲೆಕೆಳಗೆ ಬರ್ಬೇಕು! ಇಡೀ ಪಾಠ ಇರೋದೇ ಅದು!"

"ಮಗುಚಿದ ದೀಪದ ಮುಂದೆ ನಿನ್ನ ನಿಲ್ಸಲ್ಲ ನಾನು."

"ಹಂಗಾದ್ರೆ ಈ ಸುಳ್ಳಿನ ಮುಂದೆ ನಿಲ್ಸ್ತೀಯಾ? ಬೆಳಕು ತೂತಿನಲ್ಲಿ ಡೊಂಕಾಗತ್ತೆ ಅಂತ ಹೇಳ್ಲಾ ಇನ್‌ಸ್ಪೆಕ್ಟ್ರಿಗೆ? ನಿಂಗೆ ಗೊತ್ತಿಲ್ದಿದ್ರೆ ಕೇಳೋಕಾಗಲ್ವಾ?"

ಎದುರಾಡುವ ಹುಡುಗಿಯಲ್ಲ ಅವಳು. ನಾನು ಸೋಲುವವಳಲ್ಲ, "ಬೆಳಕು ಹೋಗೋದನ್ನ ನೀನು ಕಂಡಿದ್ದೀಯಾ?" ಎಂದೆ. ಅವಳು ನನ್ನ ಬುಟ್ಟಿಯಿಂದ ದಾರ ತೆಗೆದಳು. ಮಕ್ಕಳು ಬಿಸ್ಕತ್ತಿನ ತಗಡಿನ ಡಬ್ಬಿಯ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಬಾಯಿಗೆ ಎಣ್ಣೆ ಕಾಗದ ಬಿಗಿದು ಒಂದು ಪೆಟ್ಟಿಗೆ ಮಾಡಿದ್ದರು. ಕಾಗದವನ್ನು ಬಿಚ್ಚಿ, ದಾರವನ್ನು ತೂತಿನಲ್ಲಿ ತೂರಿಸಿ, ಒಂದು ತುದಿಯನ್ನು ದೀಪದ ಕುಡಿಯ ಎತ್ತರಕ್ಕೆ ನನ್ನ ಕೈಯಲ್ಲಿ ಹಿಡಿಸಿದಳು. ಇನ್ನೊಂದು ತುದಿಯನ್ನು ಡಬ್ಬಿಯ ಒಳಗಿನಿಂದ ಎಳೆದಳು.

"ಬಿಗಿ ಹಿಡಿ. ಈಗ ನನ್ನ ತುದಿ ಎಲ್ಲಿಗೆ ಬಂತು ನೋಡು."

ಕೆಳಗೆ ಬಂದಿತ್ತು. ನಾನು ನನ್ನ ಕೈಯನ್ನು ದೀಪದ ಬುಡಕ್ಕೆ ಇಳಿಸಿದೆ, ಅವಳ ಕೈ ಮೇಲೆ ಹೋಯಿತು. ಬಿಗಿ ಹಿಡಿದ ದಾರಕ್ಕೆ ಬೇರೆ ದಾರಿಯೇ ಇಲ್ಲ. ಸಡಿಲ ಬಿಟ್ಟರೆ ಮಾತ್ರ ನಾನು ಬರೆದ ಹಾಗೆ ಆಗುತ್ತದೆ. ದಾರ ಸಡಿಲ ಬಿಟ್ಟು ಗೆರೆ ಎಳೆದವಳನ್ನು ನಮ್ಮ ಅತ್ತೆ ಗೋಡೆಯ ಹತ್ತಿರ ಸೇರಿಸುತ್ತಿರಲಿಲ್ಲ.

ಅವಳು ಕಾಗದವನ್ನು ಮತ್ತೆ ಬಿಗಿದು, ಕಿಟಕಿ ಮುಚ್ಚಿ, ದೀಪ ಹಚ್ಚಿದಳು. ಎಣ್ಣೆ ಕಾಗದದ ಮೇಲೆ ಬೆರಳಿನಷ್ಟು ದೀಪ, ಕುಡಿ ಕೆಳಗೆ. ಎದುರಿನ ಉರಿ ಅಲುಗಿದರೆ ಅದೂ ಅಲುಗುತ್ತಿತ್ತು. ಎದುರಿನ ದೀಪ ಏನೂ ಆಗದೆ ನೆಟ್ಟಗೆ ಉರಿಯುತ್ತಿತ್ತು. ಯಾರ ಬಾಳೂ ಮಗುಚಿರಲಿಲ್ಲ. ನಾನು ಬಹಳ ಹೊತ್ತು ನೋಡಲಿಲ್ಲ. ನೋಡುವುದಕ್ಕೆ ನಾಚಿಕೆಯಾಯಿತು.

"ನೀರು ತಾ" ಎಂದೆ.

ಒದ್ದೆ ಬಟ್ಟೆಯಿಂದ ಬಲಗಡೆಯ ದೀಪವನ್ನೂ ಮುರಿದ ಗೆರೆಗಳನ್ನೂ ಒರೆಸಿದೆ. ಅಕ್ಕಿಹಿಟ್ಟು ಕೆಮ್ಮಣ್ಣಿಗೆ ಕಲೆಸಿ ನಸುಗೆಂಪು ಕಲೆಯಾಯಿತು. ಮೇಲೆ ತೆಳುವಾಗಿ ಕೆಮ್ಮಣ್ಣು ಎಳೆದರೂ ಕಲೆ ಹೋಗಲಿಲ್ಲ, ನೆಟ್ಟಗಿನ ದೀಪದ ಆಕಾರ ಹಾಗೇ ಮಬ್ಬಾಗಿ ನಿಂತಿತು. ಅದು ಆರಲು ಬಿಡುವಷ್ಟು ಹೊತ್ತಿಲ್ಲ. ಹಸಿಯ ಮೇಲೇ ದಾರ ಹಿಡಿದು, ಕುಡಿಯಿಂದ ತೂತಿಗೆ, ತೂತಿನಿಂದ ಕೆಳಕ್ಕೆ; ಬುಡದಿಂದ ತೂತಿಗೆ, ತೂತಿನಿಂದ ಮೇಲಕ್ಕೆ ಎಳೆದೆ. ಆಮೇಲೆ ದೀಪ. ಎಷ್ಟೋ ಮದುವೆಗೆ ಬರೆದ ದೀಪ, ತಲೆಕೆಳಗೆ ಬರೆಯಲು ಹೋದರೆ ಕೈಗೆ ಬರುತ್ತಿಲ್ಲ. ಕೊನೆಗೆ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಹಾಕಿ ನಿಂತು, ಬಗ್ಗಿ, ಕಂಕುಳ ಸಂದಿಯಿಂದ ನೋಡುತ್ತ ಬರೆದೆ. ಜವಾನ ಕೆಂಡ ತಂದವನು ನನ್ನ ಅವತಾರ ನೋಡಿ "ದೀಪ ಮಗುಚೋ ಬದ್ಲು ನೀವೇ ಮಗುಚ್ಕಂಡ್ರಾ?" ಎಂದ. ನಗಲು ಆಗಲಿಲ್ಲ.

ಕುಂಚ ಕೆಳಗಿಟ್ಟಾಗ ಗೋಡೆಯಲ್ಲಿ ಆ ಜಾಗ ಬರಿದು. ಕಾಣುತ್ತಿದ್ದದ್ದು ಕಲೆ ಒಂದೇ. ಹೊರಗೆ ಜೀಪು ನಿಂತ ಸದ್ದಾಯಿತು. ಹಿಂದಿನ ಬಾಗಿಲಿನಿಂದ ಹೋಗುವುದಕ್ಕೂ ಇಲ್ಲ, ಕೆಂಡಕ್ಕೆ ಗಾಳಿ ಹಾಕುವವರು ಬೇಕು. ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಸೆರಗೆಲ್ಲ ಕೆಮ್ಮಣ್ಣು.

ಇನ್‌ಸ್ಪೆಕ್ಟರು, ಹೆಡ್‌ಮೇಷ್ಟ್ರು, ನಮ್ಮ ಮೇಷ್ಟ್ರು, ಹಿಂದೆ ಮಕ್ಕಳು. ಮೇಷ್ಟ್ರು ತೀರ್ಥಹಳ್ಳಿಯಿಂದ ನೇರ ಅಲ್ಲಿಗೇ ಬಂದಿದ್ದರು. ಬರಿದಾದ ಜಾಗ ನೋಡಿ ಅವರ ಮುಖ ಇಳಿಯಿತು. ಮಗಳು ಕನ್ನಡಿ ಹೇಳಿದಳು, ಕೋಲು ಹೇಳಿದಳು. ದನಿ ಗಟ್ಟಿಯಿತ್ತು. ಮೂರನೆಯದರ ಮುಂದೆ ಬಂದು ಡಬ್ಬಿಯನ್ನು ಕೈಗೆತ್ತಿಕೊಂಡಳು. ಬೆಳಕು ನೆಟ್ಟಗೆ ಹೋಗುತ್ತದೆ, ಕುಡಿಯಿಂದ ಹೊರಟದ್ದು ತೂತಿನಲ್ಲಿ ಹಾದು ಕೆಳಗೆ ಬೀಳಬೇಕು ಎನ್ನುತ್ತ ಗೋಡೆಗೆ ಕೋಲು ತೋರಿಸಿದಳು. ನಾನು ಬೀಸಿದೆ. ಅವಳ ಕೋಲಿನ ಹಿಂದೆಯೇ ಗೆರೆ ಬೆಳ್ಳಗೆ ಏಳತೊಡಗಿತು. ಮೊದಲು ತೂತಿನ ಹತ್ತಿರ, ಆಮೇಲೆ ಉದ್ದಕ್ಕೆ, ಆಮೇಲೆ ತಲೆಕೆಳಗಾದ ದೀಪ, ಬುಡದಿಂದ ಕುಡಿಯ ತನಕ. ಮಕ್ಕಳು ಹೋ ಎಂದರು.

"ಒಣಗ್ತಾ ಕಾಣೋ ಹಾಗೆ ಮಾಡಿದ್ದೀರಾ? ಭೇಷ್!" ಎಂದರು ಇನ್‌ಸ್ಪೆಕ್ಟರು. "ಅದು ಯಾಕೆ ಹಾಗೆ ಅಂತ ಗೊತ್ತೇನಮ್ಮಾ?"

ಅವಳು ಅದನ್ನೂ ಹೇಳಿದಳು, ನೀರು, ಪುಡಿ, ಎಣ್ಣೆ ಕಾಗದ, ಎಲ್ಲ. ಅವರು ಹೆಡ್‌ಮೇಷ್ಟ್ರ ಕಡೆ ತಿರುಗಿ ತಲೆಯಾಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಅವರ ಕಣ್ಣು ಕಲೆಯ ಮೇಲೆ ಹೋಯಿತು.

"ಇದೇನು, ಇಲ್ಲೊಂದು ನೆಟ್ಟಗಿನ ದೀಪ ಇದ್ದ ಹಾಗಿದೆ?"

"ಮೊದ್ಲು ತಪ್ಪು ಬರ್ದಿತ್ತು ಸಾರ್. ಒರೆಸಿ ಬರ್ದಿದ್ದು."

"ಯಾರು ಬರ್ದದ್ದು?"

ಮಗಳು ಕೋಲು ಕೆಳಗಿಳಿಸಿದಳು. "ಹಸೆ ಬರೆಯೋರು ಸಾರ್. ಹಳ್ಳಿ ಕಡೆಯೋರು ಯಾರೋ."

ಎಲ್ಲರೂ ಮೂಲೆಗೆ ತಿರುಗಿದರು. ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ, ನಗುತ್ತಲೇ ಕೇಳಿದರು:

"ನೀವೇನಮ್ಮ? ಕೈ ಚೆನ್ನಾಗಿದೆ. ಈ ಹುಡುಗಿ ನಿಮ್ಮ ಊರಿನವಳೇ?"

ನಾನು ಮಗಳ ಮುಖ ನೋಡಲಿಲ್ಲ. ಅವಳ ಕಾಲು ಕಂಡಿತು. ಹೊಸ ಚಪ್ಪಲಿಯೊಳಗೆ ಬೆರಳು ಮುದುಡಿಕೊಂಡಿತ್ತು.

"ಅಲ್ಲ ಸ್ವಾಮಿ" ಎಂದೆ. "ನಂಗೆ ಪರಿಚಯ ಇಲ್ಲ."

ಮೇಷ್ಟ್ರು ಮೇಲಿನ ಹೆಂಚು ನೋಡಿದರು. ಜವಾನ ಬಾಣಲೆ ಎತ್ತಿಕೊಂಡು ಹೊರಗೆ ಹೋದ. ಕೆಂಡ ಇಲ್ಲದಿದ್ದರೂ ನಾನು ಇನ್ನೂ ಬೀಸುತ್ತಿದ್ದೆ.

ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಹತ್ತನೇ ತರಗತಿಗೂ ವಿಜ್ಞಾನ ಅಲ್ಲೇ ಎಂದು ಹೆಡ್‌ಮೇಷ್ಟ್ರು ಹೇಳಿದ್ದನ್ನು ಅವಳು ನನಗೆ ಹೇಳಿದಳು. "ಒಳ್ಳೇದಾಯ್ತು" ಎಂದೆ. ಅವಳು ನನ್ನನ್ನು ಬಿಟ್ಟುಕೊಟ್ಟಳು ಎಂಬ ಸಿಟ್ಟು ನನಗಿರಲಿಲ್ಲ. ತನ್ನದೆಂದು ಹೇಳಿಕೊಳ್ಳಲಾಗದ ಗೋಡೆಯನ್ನು ಅವಳ ಬೆನ್ನ ಹಿಂದೆ ನಿಲ್ಲಿಸಿದವಳು ನಾನು. ಕೇಳಿದ್ದರೆ ಆ ಹುಡುಗ ಮೇಷ್ಟ್ರು ಡಬ್ಬಿ ಹಿಡಿದು ಮೊದಲ ದಿನವೇ ತೋರಿಸುತ್ತಿದ್ದರು. ಅವರು ನಗುವವರೂ ಆಗಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನಾಚಿ, ಅದಕ್ಕಿಂತ ದೊಡ್ಡ ನಾಚಿಕೆ ಕಟ್ಟಿಕೊಂಡೆ. ಇಬ್ಬರಿಗೂ.

ಆ ಗೋಡೆಗೆ ದಸರೆಯ ಹೊತ್ತಿಗೆ ಸುಣ್ಣ ಹೊಡೆದರು ಎಂದು ಕೇಳಿ ನನಗೆ ನೆಮ್ಮದಿಯೇ ಆಯಿತು. ನಾವು ಆ ಮಾತು ಎತ್ತಲಿಲ್ಲ. ಅವಳು ಹತ್ತನೇ ತರಗತಿಗೆ ಹೋದಳು, ಕೂರುವ ಕೋಣೆ ಅದೇ.

ಮುಂದಿನ ಮಳೆಗಾಲದ ಒಂದು ಸಂಜೆ ಬಂದವಳೇ ಚೀಲ ಇಟ್ಟು ನನ್ನ ಹಿಂದೆ ನಿಂತಳು. ನಾನು ಒಲೆಯ ಮುಂದೆ ಇದ್ದೆ.

"ಅವ್ವಾ, ಸೋರಿ ಸೋರಿ ಗೋಡೆ ಒದ್ದೆ ಆಗಿ ಸುಣ್ಣದ ಅಡಿಯಿಂದ ನಿನ್ನ ಚಿತ್ರ ಕಾಣ್ತಿದೆ."

ಸುಣ್ಣವೂ ಪುಡಿಯೇ. ನೀರು ಕುಡಿದರೆ ಬೆಳಕನ್ನು ಒಳಗಿನ ಕೆಂಪಿನ ತನಕ ಬಿಡುತ್ತದೆ; ಹಿಟ್ಟಿನ ಗೆರೆ ಇದ್ದಲ್ಲಿ ಮಾತ್ರ ಪದರ ದಪ್ಪವಾಗಿ ಕೆಂಪು ಅಷ್ಟಾಗಿ ತೋರುವುದಿಲ್ಲ. ನನಗೆ ತಕ್ಷಣ ಹೊಳೆಯಿತು. ನಾನು ತಿರುಗಲಿಲ್ಲ.

"ಎರಡೂ ದೀಪ ಕಾಣ್ತವೆ. ಒಂಬತ್ತನೆಯೋರು ಬಂದು ಯಾರು ಬರ್ದಿದ್ದು ಅಂತ ಕೇಳಿದ್ರು."

"ಎಂತ ಅಂದೆ?"

"ನಮ್ಮವ್ವ ಅಂದೆ." ಹಂಡೆಯಿಂದ ನೀರು ಮೊಗೆದುಕೊಂಡಳು. "ಯಾವ್ದು, ಸರಿ ಇರೋದಾ, ತಪ್ಪಾಗಿರೋದಾ ಅಂದ್ರು. ಎರಡೂ ಅಂದೆ."

ನಾನು ಊದುಗೊಳವೆ ತೆಗೆದುಕೊಂಡು ಒಲೆ ಊದಿದೆ. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.